ಫ್ಯಾಟಿ ಲಿವರ್ ಗ್ರೇಡ್ 2: ರಿಪೋರ್ಟ್ ಕೈಗೆ ಬಂದ ಮೇಲೆ ಮಾಡಬೇಕಾದ್ದು

ಪಿತ್ತಕೋಶದ ಕಲ್ಲಿಗೋ, ಕಂಪನಿಯ ವಾರ್ಷಿಕ ಚೆಕಪ್ಪಿಗೋ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿರುತ್ತಾರೆ. ರಿಪೋರ್ಟಿನ ಕೊನೆಯ ಸಾಲಿನಲ್ಲಿ ‘ಗ್ರೇಡ್ 2 ಫ್ಯಾಟಿ ಲಿವರ್’, ಅಂದರೆ ಲಿವರ್‌ನಲ್ಲಿ ಕೊಬ್ಬು ಸೇರಿದೆ ಎಂದು ಬಂದಿರುತ್ತದೆ. ಮನೆಯವರು ಗಾಬರಿಬಿದ್ದು ಎಣ್ಣೆ, ತುಪ್ಪ ಪೂರ್ತಿ ಬಿಡಿಸುತ್ತಾರೆ, ಪಕ್ಕದ ಮನೆಯವರು ಕಷಾಯ ಹೇಳಿಕೊಡುತ್ತಾರೆ. ಗಾಬರಿಯೂ ಬೇಡ, ಕಷಾಯವೂ ಬೇಡ. ಹಾಗಂತ ರಿಪೋರ್ಟನ್ನು ಬೀರುವಿನಲ್ಲಿಟ್ಟು ಮರೆಯುವುದಂತೂ ಬೇಡವೇ ಬೇಡ.

ಗ್ರೇಡ್ ಹೇಳದ ಸಂಗತಿ

ಸ್ಕ್ಯಾನಿಂಗಿನ ಗ್ರೇಡ್ ಎಂದರೆ ಲಿವರ್ ಪರದೆಯ ಮೇಲೆ ಎಷ್ಟು ಬೆಳ್ಳಗೆ ಕಂಡಿತು ಅನ್ನುವುದಷ್ಟೇ. ಕೊಬ್ಬು ಹೆಚ್ಚೋ ಕಡಿಮೆಯೋ ಎಂಬ ಅಂದಾಜು ಅದರಿಂದ ಸಿಗುತ್ತದೆ. ಮುಂದೆ ತೊಂದರೆ ಕೊಡುವುದು ಕೊಬ್ಬಿಗಿಂತ ಹೆಚ್ಚಾಗಿ ಫೈಬ್ರೋಸಿಸ್, ಅಂದರೆ ಉರಿಯೂತದಿಂದ ಲಿವರ್ ಒಳಗೆ ಕಟ್ಟುವ ನಾರು. ಅದು ಗ್ರೇಡಿನಲ್ಲಿ ಕಾಣುವುದಿಲ್ಲ. ಗ್ರೇಡ್ 1 ಇದ್ದವರಲ್ಲೂ ನಾರು ಕಟ್ಟಿರಬಹುದು, ಗ್ರೇಡ್ 3 ಇದ್ದವರಲ್ಲಿ ಇಲ್ಲದಿರಬಹುದು. ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ (ಎಎಲ್‌ಟಿ ಎಂದೂ ಬರೆಯುವ ಲಿವರ್ ಕಿಣ್ವ) ನಾರ್ಮಲ್ ಬಂತೆಂದು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ.

ಹೀಗಾಗಿ ಮೊದಲು ತೆಗೆಯಬೇಕಾದ್ದು ನಾರು ಕಟ್ಟಿರುವ ಸಾಧ್ಯತೆ ಅಂದಾಜಿಸುವ ಫಿಬ್-4 ಲೆಕ್ಕ. ಇದಕ್ಕೆ ಬೇಕಾದ ಅಂಕಿಗಳು ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಇರುತ್ತವೆ. ವಯಸ್ಸನ್ನು ಎಸ್‌ಜಿಒಟಿಯಿಂದ (ಎಎಸ್‌ಟಿ ಎಂಬ ಇನ್ನೊಂದು ಕಿಣ್ವ) ಗುಣಿಸಿ. ಪ್ಲೇಟ್‌ಲೆಟ್ ಅಂಕಿಯನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ.

ಉದಾಹರಣೆಗೆ ವಯಸ್ಸು 45, ಎಸ್‌ಜಿಒಟಿ 48, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 2.4 ಲಕ್ಷ ಎಂದುಕೊಳ್ಳಿ. 45×48 ಅಂದರೆ 2160. 64ರ ವರ್ಗಮೂಲ 8, ಆದ್ದರಿಂದ 240×8 ಅಂದರೆ 1920. ಭಾಗಿಸಿದರೆ 1.13. ಎಲ್ಲರೂ ಎಡವುವುದು ಪ್ಲೇಟ್‌ಲೆಟ್‌ನಲ್ಲಿ. ನಮ್ಮ ಲ್ಯಾಬ್‌ಗಳು ಲಕ್ಷದಲ್ಲಿ ಬರೆಯುತ್ತವೆ, ಸೂತ್ರಕ್ಕೆ ಬೇಕಾದ್ದು ಸಾವಿರದಲ್ಲಿ. 2.4 ಲಕ್ಷವನ್ನು 240 ಎಂದೇ ಹಾಕಬೇಕು.

1.3ಕ್ಕಿಂತ ಕಡಿಮೆ ಬಂದರೆ ಹೆಚ್ಚು ನಾರು ಕಟ್ಟಿರುವ ಸಾಧ್ಯತೆ ಕಡಿಮೆ (65 ದಾಟಿದವರಿಗೆ ಈ ಗೆರೆ 2.0). 2.67 ಮೀರಿದರೆ ತಡಮಾಡದೆ ಲಿವರ್ ತಜ್ಞರನ್ನು ಕಾಣಿ. ನಡುವೆ ಬಂದವರು ಲಿವರ್ ಎಷ್ಟು ಗಡುಸಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಬೇಕು. ಮೇಲಿನ ವ್ಯಕ್ತಿಯ ಪ್ಲೇಟ್‌ಲೆಟ್ 1.5 ಲಕ್ಷ ಇದ್ದಿದ್ದರೆ ಉತ್ತರ 1.8 ಆಗಿ, ಅವರೂ ಈ ಸಾಲಿಗೆ ಸೇರುತ್ತಿದ್ದರು. ಫೈಬ್ರೋಸ್ಕ್ಯಾನ್‌ನಲ್ಲಿ 8 ಕಿಲೋಪಾಸ್ಕಲ್‌ಗಿಂತ ಕಡಿಮೆ ಬಂದರೆ ಸಮಾಧಾನ. 35 ವರ್ಷದೊಳಗಿನವರಿಗೆ ಫಿಬ್-4 ಅಷ್ಟು ನಂಬಲರ್ಹವಲ್ಲ, ಅವರು ವೈದ್ಯರನ್ನೇ ಕೇಳುವುದು ಲೇಸು. ಇದರ ಜೊತೆಗೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಕೊಲೆಸ್ಟ್ರಾಲ್, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳನ್ನು ಒಮ್ಮೆ ಮಾಡಿಸಿಬಿಡಿ.

ಎಷ್ಟು ತೂಕ ಇಳಿಯಬೇಕು

ಭಾರತೀಯರಿಗೆ ಬಿಎಂಐ (ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು. ಪ್ಯಾಂಟಿನ ಸೈಜು ಲೆಕ್ಕಕ್ಕಿಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಹಿಡಿದು, ಉಸಿರು ಬಿಟ್ಟಾಗ ಅಳೆಯಬೇಕು.

86 ಕೆ.ಜಿ. ಇರುವವರನ್ನೇ ತೆಗೆದುಕೊಳ್ಳಿ. ಶೇ. 5, ಅಂದರೆ 4.3 ಕೆ.ಜಿ. ಇಳಿಯುವಷ್ಟರಲ್ಲಿ ಲಿವರ್ ಕೊಬ್ಬು ಕರಗತೊಡಗಿರುತ್ತದೆ. ಶೇ. 7, ಸುಮಾರು 6 ಕೆ.ಜಿ. ಇಳಿದರೆ ಉರಿಯೂತ ತಗ್ಗುತ್ತದೆ. ಶೇ. 10, ಅಂದರೆ 8.6 ಕೆ.ಜಿ. ಇಳಿಸಿ ಉಳಿಸಿಕೊಂಡವರಲ್ಲಿ ಕಟ್ಟಿದ ನಾರು ಕೂಡ ಹಿಂದೆ ಸರಿಯುವ ಸಾಧ್ಯತೆ ಚೆನ್ನಾಗಿದೆ. ವಾರಕ್ಕೆ ಅರ್ಧದಿಂದ ಒಂದು ಕೆ.ಜಿ. ಸಾಕು. ಮದುವೆಯೊಳಗೆ ಹತ್ತು ಕೆ.ಜಿ. ಇಳಿಸಬೇಕೆಂದು ಉಪವಾಸ ಬಿದ್ದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟಬಹುದು, ಲಿವರ್ ಉರಿಯೂತವೇ ಹೆಚ್ಚಬಹುದು. ತೂಕವನ್ನು ವಾರಕ್ಕೊಮ್ಮೆ ಬೆಳಿಗ್ಗೆ ಕಾಫಿಗೆ ಮುಂಚೆ ನೋಡಿ. ದಿನಾ ನೋಡಿದರೆ ನೀರಿನ ಏರಿಳಿತ ಕಂಡು ಬೇಸರವಾಗುತ್ತದೆ.

ಅಡುಗೆಮನೆಯಲ್ಲಿ

‘ಅನ್ನ ಬಿಟ್ಟು ಮುದ್ದೆಗೆ ಬಂದೆ, ತೂಕ ಮಾತ್ರ ಇಳಿಯಲಿಲ್ಲ’ ಎಂಬ ದೂರು ತುಂಬ ಸಾಮಾನ್ಯ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ, 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320. ರಾಗಿಯಲ್ಲಿ ನಾರಿನಂಶ ಜಾಸ್ತಿ, ಹಸಿವು ತಡವಾಗಿ ಆಗುತ್ತದೆ, ಆ ಲಾಭ ನಿಜವೇ. ಎರಡು ಮುದ್ದೆ ನುಂಗಿ ಮೇಲೆ ಮಜ್ಜಿಗೆ ಅನ್ನ ಉಂಡರೆ ಆ ಲಾಭ ಅಲ್ಲಿಗೇ ಮುಗಿಯಿತು. ಅಕ್ಕಿಯಾಗಲಿ, ರಾಗಿಯಾಗಲಿ, ಜೋಳವಾಗಲಿ, ಒಬ್ಬರಿಗೆ ಒಂದು ಊಟಕ್ಕೆ 60 ಗ್ರಾಂ ಎಂದು ಬೇಯಿಸುವ ಮೊದಲೇ ತೂಗಿ. ಕೆಲವು ದಿನ ತೂಗಿದರೆ ಯಾವ ಲೋಟದಲ್ಲಿ ಎಷ್ಟು ಅನ್ನುವುದು ಕೈಗೆ ಹತ್ತುತ್ತದೆ.

ನಮ್ಮ ಊಟದ ನಿಜವಾದ ಕೊರತೆ ಪ್ರೋಟೀನ್. ತಿಳಿಸಾರಿನಲ್ಲಿ ತಲೆಗೆ 10 ಗ್ರಾಂ ಬೇಳೆ ಬಿದ್ದರೆ ಹೆಚ್ಚು, ಅದರಿಂದ ಸಿಗುವುದು ಎರಡು ಗ್ರಾಂ ಚಿಲ್ಲರೆ ಪ್ರೋಟೀನ್. ಸಾರು ರುಚಿಯಾದಷ್ಟೂ ಅನ್ನ ಮಾತ್ರ ಜಾಸ್ತಿ ಇಳಿಯುತ್ತದೆ! ಹುಳಿಯನ್ನು ಗಟ್ಟಿ ಮಾಡಿ, ತಲೆಗೆ 30 ಗ್ರಾಂ ಬೇಳೆ ಹಾಕಿದರೆ 7 ಗ್ರಾಂ ಆಯಿತು. 40 ಗ್ರಾಂ ಹೆಸರುಕಾಳಿನ ಉಸಲಿಯಲ್ಲಿ 9 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ. ಹುರುಳಿ, ಅವರೆ, ಮೊಸರು, ಮೀನು, ಚರ್ಮ ತೆಗೆದ ಕೋಳಿ ಎಲ್ಲ ಸೇರಿ ದಿನಕ್ಕೆ 60ರಿಂದ 70 ಗ್ರಾಂ ಮುಟ್ಟಬೇಕು. ಕಿಡ್ನಿ ತೊಂದರೆ ಇರುವವರು ಮಾತ್ರ ಕೇಳಿಕೊಂಡೇ ಹೆಚ್ಚಿಸಿ. ತಟ್ಟೆಯಲ್ಲಿ ಮೊದಲು ಕೋಸಂಬರಿ, ಪಲ್ಯ ಬಡಿಸಿಕೊಳ್ಳಿ. ಆಲೂಗಡ್ಡೆ ಪಲ್ಯ ಈ ಲೆಕ್ಕಕ್ಕೆ ಬರುವುದಿಲ್ಲ.

ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಅದನ್ನು ಬಹುಪಾಲು ಲಿವರ್ ಒಂದೇ ನಿಭಾಯಿಸಬೇಕು, ಹೆಚ್ಚಾದದ್ದನ್ನು ಅಲ್ಲೇ ಕೊಬ್ಬಾಗಿಸುತ್ತದೆ. ಎರಡು ಚಮಚ ಸಕ್ಕರೆಯ ನಾಲ್ಕು ಕಾಫಿ ಅಂದರೆ 40 ಗ್ರಾಂ. 300 ಮಿ.ಲೀ. ಕೋಲಾದಲ್ಲಿ ಸುಮಾರು 30 ಗ್ರಾಂ. ಬೆಲ್ಲ, ಜೇನುತುಪ್ಪಕ್ಕೂ ಇದೇ ಮಾತು. ಹಣ್ಣನ್ನು ಕಚ್ಚಿ ತಿನ್ನಿ, ಜ್ಯೂಸ್ ಬೇಡ. ಕಾಫಿ ಪ್ರಿಯರಿಗೆ ಒಂದು ಸಮಾಧಾನ: ಕಾಫಿ ಕುಡಿಯುವವರಲ್ಲಿ ಲಿವರ್ ನಾರು ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಡಿಕಾಕ್ಷನ್ ಬಿಡಬೇಕಿಲ್ಲ, ಸಕ್ಕರೆ ಬಿಡಿ.

ಎಣ್ಣೆ ತಿಂಗಳಿಗೆ ತಲೆಗೆ ಅರ್ಧ ಲೀಟರ್. ನಾಲ್ಕು ಜನರ ಮನೆಯಲ್ಲಿ ಎರಡು ಲೀಟರ್. ಪ್ಯಾಕೆಟ್ ಒಡೆದ ದಿನ ಅದರ ಮೇಲೆಯೇ ತಾರೀಖು ಬರೆದಿಡಿ, ಎಲ್ಲಿ ಸೋರುತ್ತಿದೆ ಎಂದು ತಾನೇ ಗೊತ್ತಾಗುತ್ತದೆ.

ಮದ್ಯದ ವಿಷಯದಲ್ಲಿ ಚೌಕಾಶಿ ಬೇಡ. 60 ಮಿ.ಲೀ. ವಿಸ್ಕಿಯಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್ ಇರುತ್ತದೆ. ಬೊಜ್ಜಿನ ಮೇಲೆ ಅದೂ ಸೇರಿದರೆ ಎರಡೂ ಒಂದರ ಏಟನ್ನು ಇನ್ನೊಂದು ಹೆಚ್ಚಿಸುತ್ತವೆ. ನಾರು ಕಟ್ಟಿದವರು ಪೂರ್ತಿ ನಿಲ್ಲಿಸಲೇಬೇಕು.

ನಡಿಗೆ, ಮತ್ತೆ ಸ್ವಲ್ಪ ಬಲದ ಕೆಲಸ

ವಾರಕ್ಕೆ 150 ನಿಮಿಷ ನಡಿಗೆ. ವೇಗ ಹೇಗಿರಬೇಕೆಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ಹತ್ತತ್ತರಂತೆ ಮೂರು ಸಲ. ಮಂಡಿ ನೋವಿರುವವರಿಗೆ ನಿಂತಲ್ಲೇ ತುಳಿಯುವ ಸೈಕಲ್ ಒಳ್ಳೆಯದು. ತೂಕ ಇಳಿಯದಿದ್ದರೂ ವ್ಯಾಯಾಮದಿಂದ ಲಿವರ್ ಕೊಬ್ಬು ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಅರ್ಧ ಗಂಟೆ ನಡೆದರೆ ಕರಗುವುದು 150 ಕ್ಯಾಲೊರಿ ಆಸುಪಾಸು. ವಾಕಿಂಗ್ ಮುಗಿಸಿ ಹೋಟೆಲಿನಲ್ಲಿ ವಡೆ ತಿಂದರೆ ಲೆಕ್ಕ ಚುಕ್ತಾ.

ಔಷಧಿಗಳ ಬಗ್ಗೆ

ಲಿವರ್ ಟಾನಿಕ್‌ಗಳು ಕೊಬ್ಬು ಕರಗಿಸುತ್ತವೆ ಎನ್ನಲು ಗಟ್ಟಿ ಆಧಾರವಿಲ್ಲ. ಅಮೃತಬಳ್ಳಿ ಸೇವಿಸಿ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಗ್ರೀನ್ ಟೀ ಸಾರದ ಮಾತ್ರೆ, ತೂಕ ಇಳಿಸುವ ಗಾರ್ಸೀನಿಯಾ ಕ್ಯಾಪ್ಸೂಲ್‌ಗಳದ್ದೂ ಇದೇ ಕಥೆ. ಮಲೆನಾಡಿನವರು ಹುಳಿಗೆ ಹಾಕುವ ಉಪ್ಪಾಗೆಯೂ ಗಾರ್ಸೀನಿಯಾವೇ. ಸಾರಿಗೆ ಹಾಕುವ ಒಂದೆರಡು ಸಿಪ್ಪೆ ಬೇರೆ, ಸಾರ ತೆಗೆದು ಕ್ಯಾಪ್ಸೂಲಿಗೆ ತುಂಬಿದ್ದು ಬೇರೆ. ಕೊಲೆಸ್ಟ್ರಾಲ್‌ಗೆ ಕೊಟ್ಟ ಸ್ಟ್ಯಾಟಿನ್ ಮಾತ್ರೆಯನ್ನು ‘ಲಿವರ್‌ಗೆ ಕೆಟ್ಟದ್ದು’ ಎಂದು ನೀವೇ ನಿಲ್ಲಿಸಬೇಡಿ. ಸಾಮಾನ್ಯ ಫ್ಯಾಟಿ ಲಿವರ್‌ನಲ್ಲಿ ಅದು ಸುರಕ್ಷಿತ, ಹೃದಯಕ್ಕಂತೂ ಬೇಕೇ ಬೇಕು. ಮಧುಮೇಹಕ್ಕೆ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲೇ ವೈದ್ಯರಿಗೆ ತಿಳಿಸಿ, ಡೋಸ್ ಇಳಿಸದಿದ್ದರೆ ಸಕ್ಕರೆ ಅಂಶ ಕುಸಿದು ತಲೆಸುತ್ತಿ ಬೀಳಬಹುದು.

ಕಣ್ಣು ಹಳದಿಯಾದರೆ, ಹೊಟ್ಟೆಯಲ್ಲಿ ನೀರು ತುಂಬಿ ಕಾಲು ಊದಿದರೆ, ಮಲ ಟಾರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ಮಾತು ತಡವರಿಸಿ ಮಂಕು ಕವಿದರೆ ಆ ದಿನವೇ ಆಸ್ಪತ್ರೆಗೆ ಹೋಗಿ.

ಇಲ್ಲದಿದ್ದರೆ ಆರು ತಿಂಗಳಿಗೆ ಎಸ್‌ಜಿಪಿಟಿ ಮತ್ತು ಸಕ್ಕರೆ ನೋಡಿಸಿ. ಫಿಬ್-4 ಲೆಕ್ಕವನ್ನು ಮಧುಮೇಹಿಗಳು ವರ್ಷ, ಎರಡು ವರ್ಷಕ್ಕೊಮ್ಮೆ, ಉಳಿದವರು ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ತೆಗೆದರೆ ಸಾಕು. ತಿಂಗಳಿಗೊಂದು ಸ್ಕ್ಯಾನಿಂಗ್ ಮಾಡಿಸುವುದು ದುಡ್ಡು ದಂಡ.