ಲೆಟ್ಯೂಸ್ ಸಸಿಯ ಹಸಿವು ಎಷ್ಟು?

ರೊಟ್ಟಿ ಜೊತೆ ಹಸಿ ಹಕ್ಕರಕಿ ತಿಂದು ಬೆಳೆದವನಿಗೆ ಲೆಟ್ಯೂಸ್ ಅಷ್ಟೇನೂ ಪರಕೀಯ ಅನಿಸಲಿಲ್ಲ. ಎರಡೂ ಸೂರ್ಯಕಾಂತಿ ಕುಟುಂಬದವೇ, ಮುರಿದರೆ ಎರಡರಲ್ಲೂ ಹಾಲು. ಆದರೆ ಹಕ್ಕರಕಿ ಹೊಲದಲ್ಲಿ ತಾನೇ ಹುಟ್ಟಿ ತಾನೇ ಬೆಳೆಯುತ್ತದೆ. ಲೆಟ್ಯೂಸಿನದು ಬೇರೆ ಕಥೆ.

ಧಾರವಾಡದ ನಮ್ಮ ಮಾಳಿಗೆ ಮೇಲೆ ಮೊದಲ ವರ್ಷ ನಲವತ್ತು ಸಸಿ ಎಬ್ಬಿಸಿದ್ದೆ. ಬೀಜದೆಲೆ ಬಿಚ್ಚಿದ ಮೂರನೇ ದಿನಕ್ಕೇ ಒಂದು ತಂಬಿಗೆ ನೀರಿಗೆ ಒಂದು ಚಮಚ ಯೂರಿಯಾ ಕದಡಿ ಸುರಿದೆ. ಎರಡು ದಿನದಲ್ಲಿ ಬಹುತೇಕ ಎಲ್ಲ ಸುಟ್ಟು ಮಲಗಿದವು. ಉಳಿದದ್ದು ಆರು. ಬೀಜದೆಲೆಯಲ್ಲೇ ಬುತ್ತಿ ಇರುತ್ತದೆ ಅನ್ನೋದು ಆಮೇಲೆ ತಿಳಿಯಿತು.

ಈಗ ಅಕ್ಟೋಬರ್ ಕೊನೆಗೆ, ಚಳಿ ಹಿಡಿದ ಮೇಲೆ ಬಿತ್ತುತ್ತೇನೆ. ಸೆಕೆ ಜಾಸ್ತಿ ಇದ್ದರೆ ಈ ಬೀಜ ಮೊಳೆಯದೆ ನಿದ್ದೆ ಹೊಡೆಯುತ್ತದೆ. ಟ್ರೇಗೆ ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಜರಡಿ ಹಿಡಿದ ಎರೆಹುಳು ಗೊಬ್ಬರ. ನಮ್ಮ ಕಡೆಯ ಕಪ್ಪು ಎರಿ ಮಣ್ಣು ಬೇಡವೇ ಬೇಡ. ಒಣಗಿ ಬಿರುಕು ಬಿಟ್ಟರೆ ಎಳೆ ಬೇರು ಹರಿದುಹೋಗುತ್ತದೆ. ಬೀಜಕ್ಕೆ ಬೆಳಕು ಬೇಕು, ಹಾಗಾಗಿ ಮೇಲೆಯೇ ಉದುರಿಸಿ ಸುಮ್ನೆ ಒತ್ತಿಬಿಡುತ್ತೇನೆ.

ಮೊದಲ ನಿಜವಾದ ಎಲೆ ಬರುವ ತನಕ ಬರೀ ನೀರು. ಅದೂ ಮಲಪ್ರಭೆಯ ನಲ್ಲಿ ನೀರು. ನಮ್ಮ ಬೋರಿನ ನೀರು ಹಾಕಿದರೆ ಟ್ರೇ ಮೇಲೆ ಬಿಳಿ ಉಪ್ಪು ಕೂರುತ್ತದೆ, ಸಸಿ ಸೊರಗುತ್ತದೆ.

ಎಲೆ ಬಂದ ಮೇಲೆ ವಾರಕ್ಕೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮನಾಗಿರುವ, ನೀರಲ್ಲಿ ಕರಗುವ ಗೊಬ್ಬರ), ಲೀಟರಿಗೆ ಅರ್ಧ ಗ್ರಾಂ. ಅಡುಗೆಮನೆ ತಕ್ಕಡಿಯಲ್ಲಿ ಅರ್ಧ ಗ್ರಾಂ ತೂಗೋದು ಹೇಗೆ? ಹತ್ತು ಲೀಟರ್ ಬಕೆಟ್ಟಿಗೆ ಐದು ಗ್ರಾಂ ಹಾಕುತ್ತೇನೆ, ಉಳಿದದ್ದು ದಾಸವಾಳಕ್ಕೆ. ಟ್ರೇಯನ್ನು ಈ ನೀರಿರುವ ಬೋಗುಣಿಯಲ್ಲಿ ಇಟ್ಟು ಕೆಳಗಿನಿಂದಲೇ ಹೀರಿಸುತ್ತೇನೆ, ಎಲೆ ತೋಯುವುದಿಲ್ಲ. ಮೂರನೇ ವಾರಕ್ಕೆ ಲೀಟರಿಗೆ ಒಂದು ಗ್ರಾಂ.

ನಾಲ್ಕೈದು ಎಲೆ ಆದಾಗ ಒಂದು ಗೇಣು ಅಂತರದಲ್ಲಿ ನಾಟಿ, ಬುಡಕ್ಕೊಂದು ಹಿಡಿ ಎರೆಹುಳು ಗೊಬ್ಬರ. ಆಮೇಲೆ ಕಡು ಹಸಿರು ನೋಡುವ ಆಸೆಗೆ ಸಾರಜನಕ ಸುರಿದರೆ ಗಿಡ ಓಡುತ್ತದೆ, ಕ್ಯಾಲ್ಸಿಯಂ ಹಿಂದೆ ಬೀಳುತ್ತದೆ, ಒಳಗಿನ ಎಳೆ ಎಲೆಗಳ ಅಂಚು ಕಂದಾಗುತ್ತದೆ. ಒಂದು ದಿನ ಒಣಗಿಸಿ ಮರುದಿನ ತೋಯಿಸಿದರೂ ಇದೇ ಪಾಡು.

ಸಗಣಿ, ಗಂಜಲ, ಬೆಲ್ಲ ಕಲಸಿ ಕೊಳೆಸಿದ ಜೀವಾಮೃತ ಹಾಕಬಾರದೇ ಅಂತ ಗೆಳೆಯರು ಕೇಳುತ್ತಾರೆ. ಬದನೆಗೆ ಹಾಕುತ್ತೇನೆ. ಇದನ್ನು ಹಸಿಯಾಗಿ ತಿನ್ನುತ್ತೇವೆ ಅಲ್ವಾ, ಸಗಣಿ ನೀರು ಸಿಡಿದ ಎಲೆಯನ್ನು ರೊಟ್ಟಿ ಪಕ್ಕ ಇಡಲು ನನಗೆ ಮನಸ್ಸಾಗುವುದಿಲ್ಲ.