ಸಕ್ಕರೆ ಇಳಿಸಬೇಕಾದರೆ ಮೊದಲು ಕಹಿ ಇಳಿಸಬೇಕು: ನನ್ನ ಹಾಟ್ ಚಾಕೊಲೇಟ್ ಅನುಭವ

ಚಳಿಗಾಲದ ರಾತ್ರಿ ಊಟ ಆದಮೇಲೆ ನನಗೆ ಒಂದು ಕಪ್ ಹಾಟ್ ಚಾಕೊಲೇಟ್ ಬೇಕೇ ಬೇಕು. ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕೂತರೆ ಅರ್ಧ ಚಳಿ ಅಲ್ಲೇ ಬಿಟ್ಟುಹೋಗುತ್ತದೆ. ಒಂದು ದಿನ ಸುಮ್ನೆ ಪುಡಿಯ ಡಬ್ಬ ತಿರುಗಿಸಿ ಓದಿದೆ. ಪಟ್ಟಿಯಲ್ಲಿ ಮೊದಲ ಹೆಸರೇ ಸಕ್ಕರೆ. ಯಾವುದು ಜಾಸ್ತಿ ಇರುತ್ತದೋ ಅದನ್ನೇ ಮೊದಲು ಬರೆಯುತ್ತಾರೆ, ಅಲ್ವಾ? ಲೆಕ್ಕ ಹಾಕಿದರೆ ನನ್ನ ಒಂದು ಕಪ್ಪಿಗೆ ಹತ್ತಿರಹತ್ತಿರ 20 ಗ್ರಾಂ ಸಕ್ಕರೆ ಬೀಳುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಂತೆ, ದಿನಕ್ಕೆ ಹೊರಗಿನಿಂದ ಸೇರುವ ಸಕ್ಕರೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು. ಮಲಗುವ ಮುಂಚಿನ ಒಂದೇ ಕಪ್ಪಿಗೆ ಅದರ ಬಹುಪಾಲು ಖರ್ಚಾಗುತ್ತಿತ್ತು.

ಮೊದಲು ಸಕ್ಕರೆ ಜಾಗಕ್ಕೆ ಬೇರೆ ಏನಾದರೂ ಹಾಕೋಣ ಅಂತ ಹೊರಟೆ. ಸ್ಟೀವಿಯಾ, ಅಂದರೆ ಒಂದು ಗಿಡದ ಎಲೆಯಿಂದ ತೆಗೆದ ಸಿಹಿ ಪುಡಿ, ಹಾಕಿದರೆ ನುಂಗಿದ ಮೇಲೆ ನಾಲಿಗೆಯ ಹಿಂದೆ ಒಂದು ಕಹಿ ಉಳಿಯುತ್ತಿತ್ತು, ಕೋಕೋ ಕಹಿಯ ಜೊತೆ ಸೇರಿ ಅದು ಇನ್ನೂ ಎದ್ದು ಕಾಣುತ್ತಿತ್ತು. ಎರಿಥ್ರಿಟಾಲ್ ಅನ್ನುವ ಇನ್ನೊಂದು ಸಿಹಿ ಪುಡಿ ಪರವಾಗಿಲ್ಲ, ಆದರೆ ಬಾಯಲ್ಲಿ ತಣ್ಣಗೆ ಅನಿಸುವ ಗುಣ ಅದಕ್ಕಿದೆ. ಬೆಚ್ಚಗಾಗಲಿ ಅಂತ ಕುಡಿಯುವುದರಲ್ಲಿ ಅದು ನನಗೆ ಹಿಡಿಸಲಿಲ್ಲ. ಖರ್ಜೂರ ರುಬ್ಬಿ ಹಾಕಿದ್ದು ರುಚಿಯೇನೋ ಚೆನ್ನಾಗಿತ್ತು, ಆದರೆ ಒಣ ಖರ್ಜೂರದ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ. ಜೇನುತುಪ್ಪದ ಕಥೆಯೂ ಅಷ್ಟೇ.

ಕೊನೆಗೆ ಸಿಹಿಯಿಲ್ಲದ ಕೋಕೋ ಪುಡಿ ತಂದು ಬರೀ ಹಾಲಿಗೆ ಹಾಕಿ ಕುಡಿದೆ. ಒಗರು, ಕಹಿ, ಸ್ವಲ್ಪ ಹುಳಿ. ಅರ್ಧ ಕಪ್ ಹಾಗೇ ಉಳಿಯಿತು. ಆದರೆ ವಿಷಯ ಹೊಳೆದದ್ದು ಆಗಲೇ. ಅಷ್ಟೊಂದು ಸಕ್ಕರೆ ಬೇಕಾಗುತ್ತಿದ್ದದ್ದು ಸಿಹಿಗಿಂತ ಹೆಚ್ಚಾಗಿ ಈ ಕಹಿ ಮುಚ್ಚುವುದಕ್ಕೆ. ಕಹಿಯನ್ನೇ ತಗ್ಗಿಸಿದರೆ ಸಕ್ಕರೆಗೆ ಕೆಲಸವೇ ಕಡಿಮೆ.

ಅದಕ್ಕಾಗಿ ಮೊದಲು ಮಾಡಿದ್ದು ಪುಡಿ ಬದಲಾಯಿಸಿದ್ದು. ಕೋಕೋದಲ್ಲಿ ಎರಡು ಬಗೆ. ಒಂದು ಸಾದಾ, ತಿಳಿಗಂದು, ಹುಳಿ ಇರುತ್ತದೆ. ಇನ್ನೊಂದು ಕ್ಷಾರದಿಂದ ಹದ ಮಾಡಿದ್ದು, ಅದನ್ನು ಡಚ್ ಕೋಕೋ ಅಂತಾರೆ, ಬಣ್ಣ ಗಾಢ, ರುಚಿ ಮೆತ್ತಗೆ. ಈ ಪಾನೀಯಕ್ಕೆ ಎರಡನೆಯದೇ ಸರಿ.

ಎರಡನೆಯದು ಒಂದು ಚಿಟಿಕೆ ಉಪ್ಪು. ಉಪ್ಪು ನಾಲಿಗೆಗೆ ಕಹಿ ಗೊತ್ತಾಗುವುದನ್ನು ತಗ್ಗಿಸುತ್ತದೆ. ಉಪ್ಪಿನ ರುಚಿ ಬರಬಾರದು, ಬಂದರೆ ಜಾಸ್ತಿ ಆಯಿತು ಅಂತ ಅರ್ಥ.

ಮೂರನೆಯದು ಕಲಸುವ ಕ್ರಮ, ಇದನ್ನು ಮಾತ್ರ ದಯವಿಟ್ಟು ಅವಸರದಲ್ಲಿ ಮಾಡಬೇಡಿ. ಕೋಕೋ ಸಕ್ಕರೆಯ ಹಾಗೆ ಕರಗುವುದಿಲ್ಲ. ಅದರಲ್ಲಿ ಕೊಬ್ಬಿನಂಶ ಇರುವುದರಿಂದ ನೇರ ಹಾಲಿಗೆ ಹಾಕಿದರೆ ಮೇಲೆ ತೇಲಿ ಗಂಟು ಕಟ್ಟುತ್ತದೆ. ನಾನು ಎರಡು ಟೀ ಚಮಚ ಕೋಕೋ, ಉಪ್ಪು, ಸಕ್ಕರೆ ಎಲ್ಲವನ್ನೂ ಕಪ್ಪಿನಲ್ಲೇ ಹಾಕಿ, ಕುದಿಯುವ ನೀರು ಮೂರ್ನಾಲ್ಕು ಟೀ ಚಮಚ ಬಿಟ್ಟು, ಚಮಚದ ಬೆನ್ನಿನಿಂದ ಕಪ್ಪಿನ ಗೋಡೆಗೆ ಒತ್ತಿ ಒತ್ತಿ ತಿಕ್ಕುತ್ತೇನೆ. ಮೊದಲು ಒಣ ಮಣ್ಣಿನ ಹಾಗೆ ಉಂಡೆ ಉಂಡೆಯಾಗುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಸಡಿಲವಾಗಿ ಹೊಳೆಯುವ ಕಪ್ಪು ಪೇಸ್ಟ್ ಆಗುತ್ತದೆ, ಆ ಹೊತ್ತಿಗೆ ಏಳುವ ಘಮವೇ ಬೇರೆ. ಅಲ್ಲಿಯವರೆಗೆ ಬಿಡಬೇಡಿ. ಆಮೇಲೆ 200 ಮಿಲಿ ಬಿಸಿ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಎರಡು ಹನಿ ವೆನಿಲಾ, ಚೂರು ಚಕ್ಕೆ ಪುಡಿ. ಇವೆರಡರಲ್ಲೂ ಸಿಹಿ ಇಲ್ಲ, ಆದರೆ ಆ ಪರಿಮಳ ಸಿಹಿಯನ್ನು ನೆನಪಿಸುತ್ತದೆ, ನಾಲಿಗೆ ಅದನ್ನು ಒಪ್ಪಿಕೊಳ್ಳುತ್ತದೆ.

ಹಾಲು ಗಟ್ಟಿ ಇರಲಿ. ಕೆನೆ ತೆಗೆದ ಹಾಲಿನಲ್ಲಿ ಕಹಿ ಮತ್ತೆ ಮುಂದೆ ಬರುತ್ತದೆ. ಬಾದಾಮಿ ಹಾಲು ಬಳಸುವವರು ಅರ್ಧ ಟೀ ಚಮಚ ಕಾರ್ನ್‌ಫ್ಲೋರ್ ತಣ್ಣನೆ ಹಾಲಿನಲ್ಲೇ ಕದಡಿ ಕುದಿಸಿದರೆ ಮಂದವಾಗುತ್ತದೆ. ಓಟ್ಸ್ ಹಾಲಿಗೆ ಸಕ್ಕರೆ ಹಾಕದಿದ್ದರೂ ತಯಾರಿಸುವಾಗ ಅದರ ಪಿಷ್ಟ ಒಡೆದು ಸಕ್ಕರೆ ಆಗಿರುತ್ತದೆ, ಪಟ್ಟಿ ನೋಡಿಯೇ ಕೊಳ್ಳಿ. ಸಕ್ಕರೆ ಕಾಯಿಲೆ ಇರುವವರು ಇನ್ನೊಂದು ನೆನಪಿಡಬೇಕು, 200 ಮಿಲಿ ಹಸುವಿನ ಹಾಲಿನಲ್ಲೇ ಸುಮಾರು 10 ಗ್ರಾಂ ಲ್ಯಾಕ್ಟೋಸ್, ಅಂದರೆ ಹಾಲಿನದೇ ಸಕ್ಕರೆ, ಇದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸಕ್ಕರೆಯನ್ನು ಒಂದೇ ಸಲಕ್ಕೆ ಬಿಡಲಿಲ್ಲ. ಹೊಸ ಪುಡಿಗೆ ಮೂರು ಟೀ ಚಮಚದಿಂದ ಶುರು ಮಾಡಿ ವಾರಕ್ಕೆ ಅರ್ಧ ಚಮಚ ಇಳಿಸುತ್ತಾ ಬಂದೆ. ಈಗ ಒಂದು ಚಮಚ, ಗೀರಿ ಸಮ ಮಾಡಿದ್ದು, ಅಂದರೆ 4 ಗ್ರಾಂ. ಪೂರ್ತಿ ಬಿಟ್ಟೂ ನೋಡಿದೆ, ಕುಡಿಯಬಹುದು, ಆದರೆ ಸಮಾಧಾನ ಸಿಗಲಿಲ್ಲ. ಸಮಾಧಾನಕ್ಕೇ ಅಲ್ವಾ ಇದನ್ನು ಕುಡಿಯುವುದು, ಅದಕ್ಕೆ ಆ ಒಂದು ಚಮಚ ಉಳಿಸಿಕೊಂಡಿದ್ದೇನೆ.

ಮಾಡಿದ ಕೂಡಲೇ ಸುಡುಸುಡು ಕುಡಿಯಬೇಡಿ. ತುಂಬಾ ಬಿಸಿ ಇದ್ದಾಗ ಸಿಹಿ ಅಷ್ಟಾಗಿ ಗೊತ್ತಾಗುವುದಿಲ್ಲ, ಐದು ನಿಮಿಷ ಬಿಟ್ಟರೆ ಅದೇ ಒಂದು ಚಮಚ ಸಾಕು ಅನಿಸುತ್ತದೆ. ಅಷ್ಟರಲ್ಲಿ ಕೋಕೋ ತಳಕ್ಕೆ ಇಳಿದಿರುತ್ತದೆ, ಚಮಚ ಕಪ್ಪಿನಲ್ಲೇ ಇರಲಿ, ಮಧ್ಯೆ ಮಧ್ಯೆ ಕಲಕಿಕೊಳ್ಳಿ.