ಹ್ಯಾಮ್ ರೇಡಿಯೊ: ತೋಟದ ಮನೆಯಿಂದ ಆರಂಭಿಸುವ ಬಗೆ

ಹವ್ಯಾಸಕ್ಕಾಗಿ ಪರವಾನಗಿ ಪಡೆದು ರೇಡಿಯೊ ತರಂಗಗಳ ಮೂಲಕ ಮಾತನಾಡುವ ಹ್ಯಾಮ್ ರೇಡಿಯೊದತ್ತ ಆಸಕ್ತಿ ಹುಟ್ಟಿದವರು ಮೊದಲು ಕೇಳುವ ಪ್ರಶ್ನೆ, ಯಾವ ಸೆಟ್ ಕೊಳ್ಳಬೇಕು ಎಂಬುದು. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ, ಗುಡ್ಡದ ಬುಡದ ಅಡಿಕೆ ತೋಟದಲ್ಲಿ ಮನೆಯಿರುವವರಿಗೆ ನಾನು ಹೇಳುವುದಿಷ್ಟೆ: ಸೆಟ್ಟಿನ ಯೋಚನೆ ಕೊನೆಗಿರಲಿ, ಮೊದಲು ರೇಡಿಯೊ ಕೇಳುವುದನ್ನೂ ಆಮೇಲೆ ಆಂಟೆನಾ ಕಟ್ಟುವುದನ್ನೂ ಕಲಿಯಿರಿ.

ಕೇಳಲು ಎಸ್‌ಎಸ್‌ಬಿ ಎಂಬ, ಹ್ಯಾಮ್‌ಗಳು ಮಾತಿಗೆ ಬಳಸುವ ಪ್ರಸಾರ ವಿಧಾನವನ್ನು ಹಿಡಿಯುವ ಸೌಲಭ್ಯವಿರುವ ಒಂದು ಶಾರ್ಟ್‌ವೇವ್ ರೇಡಿಯೊ ಸಾಕು. ಬೆಳಗ್ಗೆ 7.0ರಿಂದ 7.2 ಮೆಗಾಹರ್ಟ್ಸ್‌ವರೆಗಿನ 40 ಮೀಟರ್ ಬ್ಯಾಂಡಿನಲ್ಲಿ ನಿಧಾನವಾಗಿ ಹುಡುಕಿದರೆ ಬಾತುಕೋಳಿಯ ಕೂಗಿನಂತಹ ಸದ್ದು ಸಿಗುತ್ತದೆ. ಎಲ್‌ಎಸ್‌ಬಿ ಎಂಬ ಅದರ ಒಂದು ಬಗೆಗೆ ಬದಲಾಯಿಸಿ, ಟ್ಯೂನಿಂಗ್ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಅದೇ ಸದ್ದು ಮನುಷ್ಯನ ಮಾತಾಗುತ್ತದೆ. ಯಾರು ಯಾರನ್ನು ಹೇಗೆ ಕರೆಯುತ್ತಾರೆ, ಮಾತು ಮುಗಿಸಿ ಇನ್ನೊಬ್ಬರಿಗೆ ಹೇಗೆ ಬಿಟ್ಟುಕೊಡುತ್ತಾರೆ ಎಂಬುದನ್ನು ಒಂದು ತಿಂಗಳು ಬರೆದಿಟ್ಟುಕೊಳ್ಳಿ. ಬರೀ ಗೊರಗೊರ ಸದ್ದೇ ಕೇಳಿಸಿದರೆ ರೇಡಿಯೊವನ್ನು ಬ್ಯಾಟರಿಯಲ್ಲಿ ನಡೆಸಿ ಮನೆಯ ಮೈನ್ ಸ್ವಿಚ್ ಆರಿಸಿ ನೋಡಿ. ಆಗ ಸದ್ದು ನಿಂತರೆ ತಪ್ಪು ನಿಮ್ಮದೇ ಮನೆಯ ಎಲ್‌ಇಡಿ ಬಲ್ಬಿನದೋ ಚಾರ್ಜರಿನದೋ ಆಗಿರುತ್ತದೆ.

ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆಯದೆ ಮಾತನಾಡುವುದು ಅಪರಾಧ. ಅಗ್ಗಕ್ಕೆ ಸಿಗುತ್ತದೆಂದು ವಾಕಿಟಾಕಿಯಂಥ ಕೈಸೆಟ್ಟನ್ನು ಮೊದಲೇ ತರಿಸಿಟ್ಟುಕೊಳ್ಳುವುದೂ ಸಲ್ಲದು. 12 ವರ್ಷ ತುಂಬಿದವರು ಪರೀಕ್ಷೆಗೆ ಕುಳಿತುಕೊಳ್ಳಬಹುದು. ರೆಸ್ಟ್ರಿಕ್ಟೆಡ್ ದರ್ಜೆಗೆ ರೇಡಿಯೊ ತತ್ತ್ವ ಮತ್ತು ನಿಯಮಗಳ ಲಿಖಿತ ಪರೀಕ್ಷೆ ಮಾತ್ರ ಇದೆ. ಜನರಲ್ ದರ್ಜೆಗೆ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತವೂ ಬರಬೇಕು. ಮೊದಲನೆಯವರ ಕರೆಸಂಕೇತ, ಅಂದರೆ ರೇಡಿಯೊದಲ್ಲಿ ಗುರುತಿಸುವ ಹೆಸರು, ವಿಯು3 ಎಂದೂ ಎರಡನೆಯವರದು ವಿಯು2 ಎಂದೂ ಆರಂಭವಾಗುತ್ತದೆ. ರಾಜೀವ್ ಗಾಂಧಿಯವರ ಸಂಕೇತ ವಿಯು2ಆರ್‌ಜಿ ಆಗಿತ್ತು. ಈ ತರಂಗಗಳಲ್ಲಿ ವ್ಯಾಪಾರದ ಮಾತಿಗೆ ಅವಕಾಶವಿಲ್ಲ; ಆದ್ದರಿಂದ ಚಾಲಿ ಅಡಿಕೆಯನ್ನು ಎಷ್ಟಕ್ಕೆ ಕೊಡುತ್ತೀರೆಂಬ ಮಾತುಕತೆಯನ್ನು ಫೋನಿನಲ್ಲೇ ಮುಗಿಸಬೇಕು.

ಇನ್ನು ಆಂಟೆನಾ. 144–146 ಮೆಗಾಹರ್ಟ್ಸ್‌ನ ಕೈಸೆಟ್ಟಿನ ತರಂಗ ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಪೊಸಡಿಗುಂಪೆ ಗುಡ್ಡದ ನೆತ್ತಿಯಲ್ಲಿ ದೂರ ದೂರಕ್ಕೆ ಮುಟ್ಟಿದರೂ ತಗ್ಗಿನ ತೋಟದಲ್ಲಿ ಎದುರಿನ ಗುಡ್ಡಕ್ಕೇ ನಿಂತುಬಿಡುತ್ತದೆ. 40 ಮೀಟರ್ ಬ್ಯಾಂಡಿನ ಸಂಗತಿ ಬೇರೆ. ಹೆಚ್ಚು ಎತ್ತರವಿಲ್ಲದ ತಂತಿಯಿಂದ ಹೊರಟ ತರಂಗ ಬಹುಪಾಲು ಮೇಲಕ್ಕೇ ಹೋಗಿ, ವಾತಾವರಣದ ಮೇಲ್ಪದರವಾದ ಅಯಾನುಗೋಳದಿಂದ ಮರಳಿ, ಸುತ್ತಲಿನ ಕೆಲವು ನೂರು ಕಿಲೋಮೀಟರುಗಳಿಗೆ ಕೊಡೆಯಂತೆ ಇಳಿಯುತ್ತದೆ. ಅದಕ್ಕೆ ಗುಡ್ಡ ಅಡ್ಡಿಯಲ್ಲ.

ಇದಕ್ಕೆ ಬೇಕಾದುದು ಡೈಪೋಲ್ ಎಂಬ ಸರಳ ಆಂಟೆನಾ. 142.5ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತಂತಿಯ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ, 7.1ಕ್ಕೆ ಸುಮಾರು 20 ಮೀಟರ್, ಅಂದರೆ ಒಂದೊಂದು ಬದಿಗೆ 10. ತುಂಡರಿಸುವಾಗ 10.3 ಮೀಟರ್ ಇಟ್ಟುಕೊಳ್ಳಿ. ಉದ್ದವಾದುದನ್ನು ಕತ್ತರಿಸಬಹುದು, ಕತ್ತರಿಸಿದ್ದನ್ನು ಜೋಡಿಸುವುದು ರಗಳೆ. ನಡುವೆ ಪಿವಿಸಿ ಪೈಪಿನ ತುಂಡು ಇಟ್ಟು, 50 ಓಮ್ ಕೇಬಲ್ಲಿನ ಒಳತಂತಿಯನ್ನು ಒಂದು ಬದಿಗೂ ಹೊರಜಾಲರಿಯನ್ನು ಇನ್ನೊಂದಕ್ಕೂ ಬೆಸುಗೆ ಹಾಕಿ. ನಡುಭಾಗವನ್ನು ಎತ್ತರದ ಕಂಗಿಗೆ (ಅಡಿಕೆ ಮರಕ್ಕೆ) ಏರಿಸಿ, ಎರಡು ತುದಿಗಳನ್ನು ನೈಲಾನ್ ಹಗ್ಗದಿಂದ ಇಳಿಜಾರಾಗಿ, ಯಾರ ಕೈಗೂ ಎಟುಕದಂತೆ ಕಟ್ಟಬೇಕು. ಮಾತನಾಡುವಾಗ ತುದಿಗಳಲ್ಲಿ ವೋಲ್ಟೇಜ್ ಹೆಚ್ಚಿರುತ್ತದೆ, ಮುಟ್ಟಿದರೆ ಸುಡುತ್ತದೆ. ವಿದ್ಯುತ್ ಲೈನಿನ ಹತ್ತಿರ ಮಾತ್ರ ಈ ಕೆಲಸ ಬೇಡವೇ ಬೇಡ.

ಮರ ಹತ್ತಲಾರದ ನಾನು ಕೊಯ್ಲಿನ ಕಾರ್ಬನ್ ಫೈಬರ್ ದೋಟಿಯನ್ನೇ ಕಂಬವಾಗಿ ನಿಲ್ಲಿಸಿ, ಕೇಬಲ್ಲನ್ನೂ ತಂತಿಯನ್ನೂ ಅದಕ್ಕೆ ಒತ್ತಿ ಕಟ್ಟಿದ್ದೆ. ಎರಡು ದಿನ ಎಷ್ಟು ಕತ್ತರಿಸಿದರೂ ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳು (ಅದು 1ಕ್ಕೆ ಹತ್ತಿರವಾದಷ್ಟೂ ಆಂಟೆನಾ ಸೆಟ್ಟಿಗೆ ಹೊಂದಿದೆ ಎಂದರ್ಥ) 3ರಿಂದ ಕೆಳಗಿಳಿಯಲಿಲ್ಲ. ಕಾರ್ಬನ್ ಫೈಬರ್ ವಿದ್ಯುತ್ ವಾಹಕವೆಂಬುದು ಆಮೇಲೆ ಹೊಳೆಯಿತು. ಹಳೆಯ ಬಿದಿರಿನ ದೋಟಿಗೆ ಬದಲಾಯಿಸಿ, ಹೊಸ ತಂತಿ ಹಾಕಿದ ಮೇಲೆ ಮುಳ್ಳು 1.3ಕ್ಕೆ ಬಂದು ನಿಂತಿತು. ಮುಳ್ಳು ಅತಿ ಕೆಳಗಿಳಿಯುವುದು 7.1ಕ್ಕಿಂತ ಕಡಿಮೆ ಆವರ್ತನದಲ್ಲಾದರೆ ತಂತಿ ಉದ್ದವಾಗಿದೆ ಎಂದರ್ಥ. ಎರಡೂ ಬದಿ ಸಮನಾಗಿ ಐದೈದು ಸೆಂಟಿಮೀಟರ್ ಕತ್ತರಿಸುತ್ತ ಬನ್ನಿ.

ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆಯಲ್ಲೂ ಏಪ್ರಿಲ್-ಮೇ ತಿಂಗಳಲ್ಲೂ ಮಧ್ಯಾಹ್ನದ ಮೇಲೆ ನಮ್ಮಲ್ಲಿ ಸಿಡಿಲು ತಪ್ಪಿದ್ದಲ್ಲ. ಮೋಡ ಕಟ್ಟುವ ಮೊದಲೇ ಕೇಬಲ್ ಕಳಚಿ, ಅದರ ತುದಿಯನ್ನು ಮನೆಯ ಹೊರಗೆ ಹಾಕಿಡಬೇಕು. ಗುಡುಗು ಕೇಳಿದ ಮೇಲೆ ಅದನ್ನು ಮುಟ್ಟಬಾರದು.

ಪರವಾನಗಿ ಬಂದ ಮೇಲಿನ ಮೊದಲ ಕರೆ ಸುಲಭ. ಆವರ್ತನ ಖಾಲಿಯಿದೆಯೇ ಎಂದು ಕೇಳಿ, ಉತ್ತರ ಬಾರದಿದ್ದರೆ ‘ಸಿಕ್ಯು’ (ಯಾರಾದರೂ ಉತ್ತರಿಸಿ) ಎಂದು ಮೂರು ಬಾರಿ ಹೇಳಿ, ಕರೆಸಂಕೇತವನ್ನು ವಿಗೆ ವಿಕ್ಟರ್, ಯುಗೆ ಯೂನಿಫಾರ್ಮ್ ಎಂದು ಬಿಡಿಸಿ ಹೇಳಿ, ಗುಂಡಿಯಿಂದ ಕೈ ತೆಗೆದು ಕಾಯಿರಿ. ಯಾರಾದರೂ ‘59’ ಎಂದರೆ ನಿಮ್ಮ ಮಾತು ಸ್ಪಷ್ಟವಾಗಿಯೂ ಬಲವಾಗಿಯೂ ಕೇಳಿಸಿದೆ ಎಂದು ತಿಳಿಯಬೇಕು. ಲಾಗ್ ಪುಸ್ತಕದಲ್ಲಿ ಅವರ ಸಂಕೇತ, ಆವರ್ತನ ಮತ್ತು ಸಮಯವನ್ನು ಕೂಡಲೇ ಬರೆಯಿರಿ. ಹ್ಯಾಮ್‌ಗಳು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಸಮಯವನ್ನು ಬಳಸುವುದರಿಂದ, ಬೆಳಗ್ಗೆ 7ರ ಸಂಪರ್ಕ ಅಲ್ಲಿ 0130 ಎಂದು ದಾಖಲಾಗುತ್ತದೆ.